ಆರು ಚುಕ್ಕಿಯ ಬೇಸಿಗೆ

ಫ್ರೆಂಚ್ ಪಠ್ಯದ ಮೊದಲ ಪ್ರಶ್ನೆಯೇ:
ಚಿತ್ರ ನೋಡಿ ಉತ್ತರಿಸಿ.
ಪ್ಯಾರಿಸಿನಲ್ಲಿ ಕೂತು ಬರೆದವರಿಗೆ
ಕುತಾಯಿಸಿಯ ಈ ಶಾಲೆ ಹೇಗೆ ಗೊತ್ತಾಗಬೇಕು.

ಚಿತ್ರ ನಾನೇ ಹೇಳುತ್ತೇನೆ. ಕಡಲ ದಂಡೆ, ಕೆಂಪು ಕೊಡೆ,
ಕೊಡೆಯಡಿ ಒಬ್ಬಳು, ಕೈಯಲ್ಲಿ ಐಸ್‌ಕ್ರೀಮು.
"ನಿನ್ನೆ ಕೊಡೆ ನೀಲಿಯಿತ್ತು, ಟೀಚರ್," ಎಂದ ಗೋಚಾ.
ಇಡೀ ತರಗತಿ ನಕ್ಕಿತು.
ಪುಸ್ತಕ ಕಪ್ಪು ಬಿಳುಪು;
ಬಣ್ಣ ನಾನು ಕೈಯಿಂದ ಹಾಕಿದ್ದು.

ಆ ಹಾಳು 'ಯು'ಗೆ ತುಟಿ ತೋರಿಸುವಂತಿಲ್ಲ.
'ಈ' ಅನ್ನಿ, ಅನ್ನುತ್ತಲೇ ಶಿಳ್ಳೆಗೆಂಬಂತೆ ತುಟಿ ಕೂಡಿಸಿ,
ಮುಂಗೈಗೆ ಉಸಿರು ತಾಗಲಿ.
"ನಮ್ಮಜ್ಜಿ ಕೋಳಿ ಕರೆಯೋದು ಹೀಗೇ," ಎಂದಳು ಲಮಾರಾ.
ಸರಿಯಾಗಿ ಬಂತು.

ಡಿಸೆಂಬರ್. ನಾಲ್ಕಕ್ಕೇ ಕರೆಂಟು ಹೋಯಿತು, ಎಂದಿನಂತೆ.
ಸೀಮೆಎಣ್ಣೆ ಒಲೆಯ ವಾಸನೆ.
ಮಕ್ಕಳಿಗೆ ಸುದ್ದಿಯೇ ಇಲ್ಲ; ಪುಟದ ಮೇಲೆ
ಬೆರಳು ಸರಿಯುವ ಸದ್ದು, ಕಾಳು ಆರಿಸಿದ ಹಾಗೆ.
ಹನ್ನೊಂದು ವರ್ಷ ನಾನು ಬ್ರೈಲ್ ಓದಿದ್ದು
ಕಣ್ಣಿನಿಂದ.

"ಮುಂದಿನ ಸಾಲು ನಿಮ್ಮದು, ಟೀಚರ್."

ಕೈಗವಸು ಕಳಚಿದೆ. ಎಲ್ಲ ಬರೀ ಮರಳು.
ತಡಕಿ ತಡಕಿ ಕೊನೆಗೊಂದು ಮನೆ ಸಿಕ್ಕಿತು,
ಆರೂ ಚುಕ್ಕಿ ತುಂಬಿದ್ದು,
ದಾಳಿಂಬೆ ಬೀಜ ಒತ್ತಾಗಿ ಕೂತಂತೆ:
ನೆತ್ತಿಗೆ ಗೀಟಿರುವ ಫ್ರೆಂಚ್ ಏ.
ಆಮೇಲೊಂದು ಟಿ. ಮತ್ತೆ ಅದೇ ತುಂಬಿದ ಮನೆ.

"ಏತೇ," ಎಂದೆ. ಬೇಸಿಗೆ.
ಬಾಯಿಂದ ಹಬೆ ಹೊರಟಿದ್ದು ನನಗೇ ತಿಳಿಯಿತು.

ಗೋಚಾ ನನ್ನ ಮಣಿಕಟ್ಟು ಹಿಡಿದು ತುಸು ಎತ್ತಿದ:
"ಅಷ್ಟು ಒತ್ತಬೇಡಿ.
ಅಳಿಸಿಹೋಗುತ್ತೆ."