ಮೀಸೆಯಗಲದ ಬಾಗಿಲು

ದೊಡ್ಡಪೇಟೆಯ ಫೋಮ್ ಗಾದಿ ಅಂಗಡಿಯವರು
ಹೊರಗೆಸೆದ ರಟ್ಟಿನ ಡಬ್ಬ
ಅಪ್ಪನ ಸೈಕಲ್ಲಿನ ಹಿಂದೆ ಬಂತು,
ಅಪ್ಪನಿಗಿಂತ ಒಂದು ಗೇಣು ಎತ್ತರ.
ಮೈಮೇಲೆ ಒಂದು ಕೊಡೆ, ಒಂದು ಗಾಜಿನ ಲೋಟ,
ಆಕಾಶ ನೋಡುವ ಎರಡು ಬಾಣ.
ಹತ್ತು ವರ್ಷ ಗ್ಯಾರಂಟಿ ಅಂತಲೂ ಬರೆದಿತ್ತು.
‘ಹತ್ತಿಗೆ ಯಾವೋನು ಗ್ಯಾರಂಟಿ ಕೇಳ್ತಿದ್ದ?’ ಅಂದು
ಕತ್ತರಿ ಹುಡುಕಿದ.

ಬೆಕ್ಕು ಕರ್ರಗೆ. ಹೆಸರು ಅರಳೆ.
ಇಟ್ಟವನು ನನ್ನ ಮಗ ರಿಹಾನ, ಎರಡನೇ ಕ್ಲಾಸು.
ತಾತನ ಮನೆಯಲ್ಲಿ ಮೆತ್ತಗಿರೋದಕ್ಕೆಲ್ಲ
ಅದೊಂದೇ ಹೆಸರು ಅಂದುಕೊಂಡಿದ್ದ.

ಗಾದಿ ಅಳೆಯುವ ಟೇಪು ಹಿಡಿದರೆ
ಟೇಪನ್ನೇ ಕಚ್ಚಿಕೊಂಡು ಓಡಿತು.
‘ಇದರ ಅಳತೆ ಇದರ ಮುಖದಾಗೇ ಐತೆ ಬಿಡು’
ಮೀಸೆಯ ಈ ತುದಿಯಿಂದ ಆ ತುದಿಗೆ
ಬೆರಳಾಡಿಸಿ, ಮೂರು ಬೆರಳು ಜಾಸ್ತಿ ಸೇರಿಸಿ
ಸೀಮೆಸುಣ್ಣದಲ್ಲಿ ಗುಂಡಗೆ ಗೀಚಿದ.
ಒಂದು ಬಾಗಿಲು.
ಹಿಂದುಗಡೆ ಇನ್ನೊಂದು.

ಎರಡ್ಯಾಕಪ್ಪಾ?

ಗಲ್ಲ ಎತ್ತಿ ಕಿಟಕಿಯಾಚೆ ತೋರಿಸಿದ,
ಬಂಡೆ ಮೇಲೆ ಬಂಡೆ, ಅದರ ಮೇಲೆ ಗೋಡೆ.
‘ಏಳು ಸುತ್ತು ಕಟ್ಟಿದೋರೇ
ನುಸುಳಾಕೆ ಗಂಡಿ ಬಿಟ್ಟಿದ್ರು.
ಬೆಕ್ಕು ಅವರಿಗಿಂತ ಹುಷಾರು.’

ಅಂಟು ಬೇಡ, ವಾಸನೆಗೆ ಮೂಗು ತಿರುಗಿಸುತ್ತೆ.
ಡಬ್ಬದ ಪಿನ್ನು ಕಿತ್ತು ಕಿತ್ತು ಎಣಿಸಿ
ತಂಬಾಕಿನ ಡಬ್ಬಿಗೆ ಹಾಕಿದ, ಹದಿನೇಳು.
ಗಾದಿಯ ದಬ್ಬಣ, ಸುತಲಿ,
ರಟ್ಟಿಗೆ ರಟ್ಟು ಕೂಡಿಸಿ ಉದ್ದುದ್ದ ಹೊಲಿಗೆ.
ಮೇಲಂತಸ್ತಿಗೆ ಹತ್ತಲೊಂದು ಹಲಗೆ,
ಉಗುರಿಗೆ ಸಿಗಲೆಂದು ಅದಕ್ಕೂ ಸುತಲಿ ಸುತ್ತು.
ಒಂದು ಗೋಡೆ ತಲೆಕೆಳಗಾಗಿ
ಬಾಣಗಳೆರಡೂ ನೆಲ ನೋಡಿದವು. ಇರಲಿ ಅಂದ.

ಆಮೇಲೆ ಅಟ್ಟದಿಂದ ಬಿಲ್ಲು ಇಳಿಸಿದ.
ಆರು ವರ್ಷದ ಧೂಳು.
ಹಳೇ ದಿಂಬೊಂದನ್ನು ಬಿಚ್ಚಿ
ಟಂಯ್ ಟಂಯ್ ಟಟ್ಟಂಯ್,
ನಾನು ಓದುತ್ತಾ ಉಣ್ಣುತ್ತಾ ಬೈಸಿಕೊಳ್ಳುತ್ತಾ
ಕೇಳಿಸಿಕೊಳ್ಳದೇ ಕೇಳಿದ ಸದ್ದು.
ತಿಪ್ಪಕ್ಕ ಗೋಡೆಯ ಮೇಲಿಂದ ಇಣುಕಿದಳು:
‘ಗಿರಾಕಿ ಬಂದಂಗೈತೆ, ಪೀರಣ್ಣ?’
‘ಬಂದೈತಕ್ಕ. ಬಾಲ ಐತೆ.’

ಅರಳೆ ಬಂತು. ಮೂಸಿತು. ಹೊರಟೇ ಹೋಯಿತು.
ಮೂರು ದಿನ ಅದು ಮಲಗಿದ್ದು
ಬಾಗಿಲು ಕೊರೆದಾಗ ಉಳಿದ
ಗುಂಡು ರಟ್ಟಿನ ಮೇಲೆ.
ರಿಹಾನ ಅತ್ತ.
‘ಹೊಸ ಹಾಸಿಗೆಗೆ ಮೈ ಹೊಂದಬೇಕಲ್ಲೋ’ ಅಂದ ಅಪ್ಪ.
ಆದರೂ ದಿನಾ ಎರಡು ಸಲ
ಒಳಗೆ ಕೈ ಹಾಕಿ ಬಿಸಿ ಇದೆಯಾ ನೋಡುತ್ತಿದ್ದ.

ನಾಲ್ಕನೇ ರಾತ್ರಿ ಸೆಕೆ.
ಹಗಲೆಲ್ಲ ಕುಡಿದ ಬಿಸಿಲನ್ನು
ಬೆಟ್ಟ ನಮ್ಮ ಮೇಲೇ ಉಸಿರುತ್ತಿತ್ತು.
ರಟ್ಟಿನ ಮಾಳಿಗೆಗೆ ಒರಗಿಸಿಟ್ಟಿದ್ದ ಬಿಲ್ಲು
ಕತ್ತಲಲ್ಲಿ
ಟಂಯ್ ಅಂತು.

‘ಬಂದೆ, ಬಂದೆ’
ಅಪ್ಪ ಎದ್ದು ಕೂತಿದ್ದ,
ನಿದ್ದೆಗಣ್ಣಲ್ಲಿ ರುಮಾಲಿಗೆ ತಡಕಾಡುತ್ತ,
‘ಒಂಟಿ ಗಾದಿನೋ, ಜೋಡಿನೋ?’

ಒಳಗಿನಿಂದ
ಎರಡು ಸಲ, ಟಂಯ್.