ವಿಶೇಷ

ಆ ಚಳಿಗಾಲ ಕೊಬ್ಬರಿ ಅಟ್ಟಗಳಿಂದ ಏಳು ಚೀಲ ಹೋದ ಮೇಲೆ
ಅರಸೀಕೆರೆಯ ನಮ್ಮ ಬೀದಿಗೆ ಪೊಲೀಸರು ಬಂದರು,
ಯಾರನ್ನೂ ಹಿಡಿಯಲಿಕ್ಕಲ್ಲ, ಮಾತಾಡಲಿಕ್ಕೆ.

ನೀರಿನ ಟ್ಯಾಂಕಿನ ಕೆಳಗೆ ಬಾಡಿಗೆ ಕುರ್ಚಿ.
ಬೀಟ್ ಪೇದೆ ಕಾಂತರಾಜು
ತರಬೇತಿಯಲ್ಲಿ ಬರೆದುಕೊಂಡದ್ದನ್ನು ಓದಿದ:
ಜಪಾನಿನಲ್ಲಿ ಮೂಲೆಮೂಲೆಗೆ ಪುಟ್ಟ ಠಾಣೆಯಂತೆ,
ಇಂಗ್ಲೆಂಡಿನಲ್ಲಿ ಕಿಟಕಿಗೆ ಚೀಟಿ ಅಂಟಿಸುತ್ತಾರಂತೆ,
ಈ ಬೀದಿಗೆ ಕಣ್ಣಿದೆ ಅಂತ.
'ಅಲ್ಲಿ ನಾಯಿ ಬೊಗಳಲ್ವೇನಪ್ಪ?' ಅಂದಳು ಲೋಕಮ್ಮ.

ನಗು ನಿಂತ ಮೇಲೆ ಹತ್ತು ಸೀಟಿ ಹಂಚಿದರು, ಎರಡು ಟಾರ್ಚು.
ನನ್ನ ಟೈಲರ್ ಅಂಗಡಿಯ ಬಾಗಿಲಿಗೆ
ದಾರ ಕಟ್ಟಿ ಒಂದು ಪುಸ್ತಕ:
ವೇಳೆ, ಸಹಿ, ವಿಶೇಷ.

ಮೊದಲ ವಾರ ಬರೆದದ್ದೆಲ್ಲ ಗುರುತಿಲ್ಲದವರನ್ನೇ.
ಕಂಬಳಿ ಮಾರುವವನು.
ರೈಲು ತಪ್ಪಿ ಜಗಲಿಯಲ್ಲಿ ಕೂತ ಗಂಡಹೆಂಡತಿ.
ಅವರು ನಮ್ಮಿಂದ ಒಯ್ದದ್ದು
ಒಂದು ಲೋಟ ನೀರು, ಅದೂ ಕೇಳಿ.

ಲೋಕಮ್ಮನ ಹೆಸರು ಪಾಳಿಯಲ್ಲಿರಲಿಲ್ಲ. ತಾನೇ ಬಂದಳು,
'ನಿದ್ದೆ ಬರಲ್ಲ, ಮಲಗಿ ಏನ್ಮಾಡ್ಲಿ?'
ಕಾಯಿ ಅಲ್ಲಾಡಿಸಿ ಕಿವಿಗಿಟ್ಟು
ನೀರು ಬತ್ತಿತೋ, ಗಿಟುಕು ಚಿಪ್ಪು ಬಿಟ್ಟಿತೋ
ನಲವತ್ತು ವರ್ಷ ಹೇಳಿದವಳು.
ಬೀದಿಯನ್ನೂ ಹಾಗೇ ಕೇಳುತ್ತ ನಡೆದಳು:
ಇದು ಜಬೀನಾಳ ಮಗುವಿನ ಕೆಮ್ಮು,
ಇದು ಗುರುಸಿದ್ದಯ್ಯನ ಗೇಟು, ಎಣ್ಣೆ ಬೇಕು.

ಎರಡೂವರೆಯ ಗೂಡ್ಸು ದಾಟಿದ ಮೇಲೆ
ಅವಳ ಕೈ ನನ್ನ ತೋಳ ಮೇಲೆ.
ಅಟ್ಟದೊಳಗೆ ಕಾಯಿ ಗಲಗಲ ಅಂದಿತು,
ಇಲಿ ಓಡಿದ ಹಾಗಲ್ಲ,
ಚೀಲಕ್ಕೆ ಬಿದ್ದ ಹಾಗೆ.
ಸೀಟಿ ನನ್ನ ಹಲ್ಲಿನ ನಡುವೆ. ಟಾರ್ಚು ಹಾಕಲಿಲ್ಲ.
ಅವಳು ಕತ್ತಲಿಗೆ ಮೆಲ್ಲಗೆ ಹೇಳಿದಳು:
'ಯತೀಶಾ, ಹುಷಾರಾಗಿ ಇಳಿಯೋ,
ಏಣಿದು ಮೂರನೇ ಮೆಟ್ಲು ಮುರಿದೈತೆ.'

ಮೇಲೆ ಯಾರೋ ಉಸಿರು ಹಿಡಿದರು.
ಆಮೇಲೆ ಇಳಿದರು. ಬರಿಗೈ.
ಹತ್ತೊಂಬತ್ತು ವರ್ಷ, ನಾನೇ ಹೊಲಿದ ಅಂಗಿ.

ಪುಸ್ತಕದಲ್ಲಿ ಬರೆದೆ,
ವಿಶೇಷ: ಏಣಿ ರಿಪೇರಿ ಆಗಬೇಕು.
ಕಾಂತರಾಜು ಓದಿದ, ನನ್ನ ಮುಖ ನೋಡಿದ,
ಕೆಳಗೆ ಸಹಿ ಹಾಕಿದ.

ಏಳು ಚೀಲ ಸಿಗಲೇ ಇಲ್ಲ.
ಯತೀಶ ಈಗ ಬಟ್ಟೆ ಬೇರೆ ಕಡೆ ಹೊಲಿಸುತ್ತಾನೆ,
ಎದುರಾದರೆ ರಸ್ತೆ ದಾಟುತ್ತಾನೆ.
ಸರಿ ಮಾಡಿದೆವಾ? ಲೋಕಮ್ಮನ್ನ ಕೇಳಿದರೆ
'ಇನ್ನೂ ಅಲ್ಲಾಡಿಸಿ ನೋಡ್ಬೇಕು' ಅನ್ನುತ್ತಾಳೆ.

ಸೀಟಿ ಕತ್ತರಿಯ ಪಕ್ಕ ಮೊಳೆಯಲ್ಲಿದೆ.
ಮೊನ್ನೆ ಮಗಳು ಆಟಕ್ಕೆ ಊದಿದಳು,
ಬೀದಿಯ ನಾಯಿಗಳೆಲ್ಲ ಬಂದು ನಿಂತವು.