ಏನೂ ಆಗದ ಪುಸ್ತಕ

ಮೂರನೇ ಅಧ್ಯಾಯದಲ್ಲಿ ಅವಳು ಕಾಫಿಗೆ ನೀರಿಡುತ್ತಾಳೆ.
ನಾಲ್ಕನೆಯದರಲ್ಲಿ ನೀರು ಕುದಿಯುತ್ತದೆ.
ನಡುವೆ ಇಪ್ಪತ್ತೆರಡು ಪುಟ:
ಕಿಟಕಿಯಲ್ಲೊಂದು ಬೆಕ್ಕು,
ಎದುರಂಗಡಿಯಲ್ಲಿ ಕೊಡೆ ರಿಪೇರಿಯವನು,
ಅವನ ಹೆಂಡತಿ ತೀರಿಕೊಂಡು ವರ್ಷವಾಯಿತೆಂಬ ಒಂದೇ ಸಾಲು,
ಮತ್ತೆ ಬೆಕ್ಕು.

ಮಾದಾಪುರದ ಲೈಬ್ರರಿಯಿಂದ ತಂದದ್ದು.
ಬೆನ್ನಿಗೆ ಬಟ್ಟೆ ಅಂಟಿಸಿದ್ದಾರೆ.
ನನಗಿಂತ ಮುಂಚೆ ಯಾರೋ ನಲವತ್ತನೇ ಪುಟದಲ್ಲಿ
ಬಸ್ ಟಿಕೆಟ್ ಇಟ್ಟು ಮರೆತಿದ್ದಾರೆ:
ಸೋಮವಾರಪೇಟೆ, ಒಂದು ಫುಲ್, ಎರಡು ಹಾಫ್.

ಹಗಲೆಲ್ಲ ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ
ನಾನೂ ನಬೀಸಾನೂ ಎದುರುಬದುರು ಕೂತು ಬೀಜ ಆರಿಸುತ್ತೇವೆ.
ಕಪ್ಪು ಒಂದು ಕಡೆ, ಒಡಕು ಒಂದು ಕಡೆ,
ಹುಳ ಕೊರೆದದ್ದು ನೆಲಕ್ಕೆ.
ಹಣ್ಣಿನೊಳಗೆ ಜೋಡಿಯಿಲ್ಲದೆ ಬೆಳೆದ ಬೀಜ
ಒರಗಲು ಎದುರು ಬೀಜವಿಲ್ಲದೆ ದುಂಡಗಾಗಿರುತ್ತದೆ.
ಅದಕ್ಕೆ ಬೇರೆ ಡಬ್ಬ, ಬೇರೆ ರೇಟು.

ಸಂಜೆ ಬಸ್ಸಿಳಿದು, ಕೋಳಿಗೆ ನುಚ್ಚು ಚೆಲ್ಲಿ,
ಚಿಲಕ ಹಾಕಿಕೊಂಡು ಅವಳು ಬರುತ್ತಾಳೆ.
ನಮ್ಮ ಬಡಾವಣೆಯ ಮನೆಗಳೆಲ್ಲ ಒಂದೇ ಅಚ್ಚು,
ಸರ್ಕಾರ ಕೊಟ್ಟದ್ದು.
ನಂಬರು ನೋಡದಿದ್ದರೆ
ನಿಮ್ಮ ದುಃಖ ಬಿಟ್ಟು ಪಕ್ಕದವರದ್ದರೊಳಗೆ ಕಾಲಿಡುತ್ತೀರಿ.
ಮೊದಲ ತಿಂಗಳು ನಾನೇ ಎರಡು ಸಲ ಇಟ್ಟಿದ್ದೇನೆ.

ಕನ್ನಡ ಅವಳಿಗೆ ಬಾಯಿಗೆ ಬರುತ್ತದೆ, ಕಣ್ಣಿಗೆ ಬರುವುದಿಲ್ಲ.
ನಾನು ಓದುತ್ತೇನೆ.
ಬೆಲ್ಲದ ಕಾಫಿಯನ್ನು ಊದಿ ಊದಿ ಆರಿಸುತ್ತಾ ಕೇಳುತ್ತಾಳೆ,
"ಮುಂದೆ ಏನಾಯ್ತು?"
"ಏನೂ ಆಗಲಿಲ್ಲ. ಮುರಿಯದ ಕೊಡೆಯನ್ನೇ
ರಿಪೇರಿಗೆ ಅಂತ ತಂದಳು."
"ಸದ್ಯ," ಅನ್ನುತ್ತಾಳೆ ನಬೀಸಾ.

ಆ ಸದ್ಯದ ಹಿಂದೆ ಒಂದು ಗುಡ್ಡವಿದೆ.
ಒಂದು ಬೆಳಿಗ್ಗೆ, ಹಲ್ಲುಜ್ಜುವಷ್ಟು ಹೊತ್ತಿನಲ್ಲಿ,
ಒಂದಿಡೀ ಕಾದಂಬರಿಗೆ ಸಾಲುವಷ್ಟು ಆಗಿಹೋಯಿತು ನಮಗೆ.
ತಮ್ಮ ದೇವಿಪ್ರಸಾದ
ಹಸುವಿನ ಹಗ್ಗ ಬಿಚ್ಚಿ ಬರುತ್ತೇನೆಂದ.
ಹಸು ಬಂತು.

ಅಂದಿನಿಂದ ಓಡುವ ಕಥೆ ನನಗೆ ಆಗಿಬರುವುದಿಲ್ಲ.
ಸೀರಿಯಲ್ಲಿನಲ್ಲಿ ಯಾರಾದರೂ ಬಾಗಿಲು ಬಡಿದರೆ
ಎದ್ದು ಹೋಗಿ ಪಾತ್ರೆ ತೊಳೆಯುತ್ತೇನೆ.

ಕಾಲೇಜಿನಲ್ಲಿ ಪಾಠ ಹೇಳುವ ನಾದಿನಿಯ ಮಗಳು
ರಜೆಗೆ ಬಂದವಳು ನಾಲ್ಕು ಪುಟ ತಿರುವಿ,
"ಇದು ಸಾಹಿತ್ಯ ಅಲ್ಲ ಅತ್ತೆ, ಕಂಬಳಿ," ಅಂದಳು.
ಇರಬಹುದು.
ಆ ರಾತ್ರಿ ಹೈಸ್ಕೂಲಿನ ಹಾಲಿನಲ್ಲಿ
ನಮಗೆ ಮೊದಲು ಕೊಟ್ಟದ್ದು ಕಂಬಳಿ.
ಭಾಷಣ ಮಾರನೇ ದಿನ ಬಂತು.

ಪುಸ್ತಕ ಸುಳ್ಳು ಹೇಳುವುದೂ ಉಂಟು.
ಅದರಲ್ಲಿ ಮರಣಪತ್ರಕ್ಕೆಂದು
ತಾಲೂಕು ಕಚೇರಿಗೆ ಒಂಬತ್ತು ಸಲ ಯಾರೂ ಅಲೆಯುವುದಿಲ್ಲ.
ಕೊಡೆಯವನಿಗೆ ಅಂಗಡಿ ಬಾಡಿಗೆ ಕೇಳುವವರೇ ಇಲ್ಲ.
ಮಳೆಯೂ ಅವರು ಹೇಳಿದಷ್ಟೇ ಸುರಿದು ನಿಲ್ಲುತ್ತದೆ.
ನಬೀಸಾಗೂ ಗೊತ್ತು.
"ಹಾಗೇ ಇರಲಿ ಬಿಡಿ ಅಕ್ಕ,
ಅವರಾದರೂ ಆರಾಮಾಗಿರಲಿ."

ಏಳನೇ ಅಧ್ಯಾಯ. ಬೆಕ್ಕಿಗೆ ನೆಗಡಿ.
ಕೊಡೆಯವನು ಕಡ್ಡಿಗೆ ಎಣ್ಣೆ ಹಚ್ಚುತ್ತಿದ್ದಾನೆ,
ಎರಡು ಪುಟದಿಂದ.
ನಬೀಸಾ ಲೋಟ ಕೆಳಗಿಟ್ಟಳು.
"ರಂಸೀನಾಗೆ ಕೊಡೆ ಮಡಚಲು ಬರುತ್ತಿರಲಿಲ್ಲ."
ಮೂರು ವರ್ಷದಲ್ಲಿ ಮೊದಲ ಸಲ ಆ ಹೆಸರು.
"ಬೆರಳು ಸಿಕ್ಕಿಸಿಕೊಂಡು ಅಳುತ್ತಿದ್ದಳು.
ಬಿಚ್ಚಿದ ಕೊಡೆಯನ್ನೇ ಒಳಗೆ ಎಳೆದು ತರುತ್ತಿದ್ದಳು,
ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ."

ನಾನು ಪುಟ ತಿರುಗಿಸಲಿಲ್ಲ.
ಪುಸ್ತಕಕ್ಕೂ ಅವಸರವಿರಲಿಲ್ಲ.
ಎಣ್ಣೆಯ ಬಟ್ಟೆ ಕೈಯಲ್ಲಿ ಹಿಡಿದು
ಕೂತೇ ಇದ್ದ ಅವನು,
ಅವಳು ಬಾಗಿಲಿನ ಕಥೆ ಮುಗಿಸುವವರೆಗೆ,
ಆಮೇಲೆ ಶಾಲೆಯ ಬೂಟಿನ ಕಥೆ,
ಆಮೇಲೆ ಸುಮ್ಮನೆ.

ನಾಳೆ ಗಡುವು. ಇನ್ನೂ ಹದಿನೈದು ದಿನಕ್ಕೆ
ಬರೆಸಿಕೊಂಡು ಬರಬೇಕು.
ಟಿಕೆಟ್ಟು ನಲವತ್ತರಲ್ಲೇ ಇದೆ, ಅದು ನಮ್ಮದಲ್ಲ.
ನಮ್ಮ ಗುರುತಿಗೆ ಗೇಟಿನ ತಪಾಸಣೆ ತಪ್ಪಿಸಿ
ನಬೀಸಾ ಸೆರಗಿನಲ್ಲಿ ತಂದ ಒಂದು ದುಂಡು ಬೀಜ.
ಪುಟ ಉಬ್ಬಿಹೋಗಿದೆ,
ಲೈಬ್ರರಿಯವನು ಬೈಯದೆ ಬಿಡುವುದಿಲ್ಲ.